ಅವಳಿ ಮಕ್ಕಳೂ ನಮ್ಮ ಹೊಣೆಯೂ

ಜೋಡಿ ಬಾಳೆಹಣ್ಣನ್ನು ತಿಂದವರಿಗೆ ಅವಳಿ ಮಕ್ಕಳು ಹುಟ್ಟುವರೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಂದಿದೆ. ಹಣ್ಣಿಗೂ ಅವಳಿಗಳಿಗೂ ಯಾವ ಸಂಬಂಧವೂ ಇಲ್ಲ. ಹಾಗಾದರೆ ಒಂದೇ ಬಸಿರಿನಲ್ಲಿ ಎರಡು ಕೂಸುಗಳು ಬೆಳೆಯುವುದು ಹೇಗೆ? ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ಕಾಣಸಿಗುವ ಎರಡು ಉದಾಹರಣೆಗಳಿಂದ ಇದನ್ನು ತಿಳಿಯೋಣ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಬಿ. ಎಲ್. ರೈಸರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಮೂರರ ಪಾಠವೂ ಬಹುಮಟ್ಟಿಗೆ ಒಂದೇ. ಆದರೆ ಒಂದೆಡೆ ಅಕ್ಷರಗಳು ಸ್ಪಷ್ಟವಾಗಿವೆ, ಇನ್ನೊಂದೆಡೆ ಸವೆದುಹೋಗಿವೆ. ಏಕಾಂಡ ಅವಳಿಗಳ ಸಂಗತಿಯೂ ಹೀಗೆಯೇ. ವೀರ್ಯಾಣುವಿನೊಡನೆ ಕೂಡಿದ ಒಂದೇ ಅಂಡಾಣುವು ಮೊದಲ ಕೆಲವು ದಿನಗಳಲ್ಲಿ ಇಬ್ಭಾಗವಾದರೆ, ಎರಡು ಭಾಗಗಳಿಗೂ ಒಂದೇ ಅನುವಂಶಿಕ ಪಾಠ ದೊರೆಯುತ್ತದೆ. ಇಂತಹ ಮಕ್ಕಳಿಬ್ಬರೂ ಗಂಡಾಗಿರುತ್ತಾರೆ, ಇಲ್ಲವೇ ಇಬ್ಬರೂ ಹೆಣ್ಣಾಗಿರುತ್ತಾರೆ. ರೂಪವೂ ಒಂದೇ ತೆರನಾಗಿರುತ್ತದೆ. ಆದರೂ ಅವರ ಬೆರಳುಗಳ ಗೆರೆಗಳು ಬೇರೆಬೇರೆ. ಲೋಕದ ಎಲ್ಲೆಡೆಯೂ ಸಾವಿರ ಹೆರಿಗೆಗಳಲ್ಲಿ ಸುಮಾರು 4 ಇಂತಹವು.

ಎರಡನೆಯ ಬಗೆಯನ್ನು ಚಳ್ಳಕೆರೆಯ ಕುರಿಹಟ್ಟಿಯಲ್ಲಿ ಕಾಣಬಹುದು. ಕುರಿಯೊಂದು ಎರಡು ಮರಿಗಳನ್ನು ಈದಾಗ ಅವುಗಳ ಬಣ್ಣ ಬೇರೆಯಾಗಿರುವುದುಂಟು. ಅವು ಸಾಮಾನ್ಯವಾಗಿ ಎರಡು ಅಂಡಾಣುಗಳಿಂದ ಹುಟ್ಟಿದವು. ಮನುಷ್ಯರಲ್ಲಿಯೂ ದ್ವಿಅಂಡ ಅವಳಿಗಳು ಒಟ್ಟಿಗೆ ಹುಟ್ಟಿದ ಒಡಹುಟ್ಟಿದವರು, ಅಷ್ಟೆ; ಒಂದು ಗಂಡು, ಒಂದು ಹೆಣ್ಣು ಆಗಿರಲೂಬಹುದು. ತಾಯಿಯ ಮನೆತನದ ಗುಣ, ಅವಳ ವಯಸ್ಸು, ಮಕ್ಕಳಾಗಲೆಂದು ಪಡೆದ ಚಿಕಿತ್ಸೆ ಇವು ಇದಕ್ಕೆ ಕಾರಣಗಳಾಗುತ್ತವೆ. ನೈಜೀರಿಯಾದ ಯೊರುಬಾ ಜನರಲ್ಲಿ ಇಂತಹ ಅವಳಿಗಳು ಬಹಳ ಹೆಚ್ಚು, ಏಷ್ಯಾದಲ್ಲಿ ಕಡಮೆ.

ಅವಳಿಗಳನ್ನು ಕಂಡು ನಾವು ಬೆರಗಾಗುತ್ತೇವೆ. ಆ ಮನೆಯ ಕಷ್ಟವನ್ನು ಮಾತ್ರ ಗಮನಿಸುವುದಿಲ್ಲ. ಒಂದೇ ಕೂಸಿನ ಬಸಿರು ಸುಮಾರು 40 ವಾರಗಳದ್ದು. ಅವಳಿಗಳು ಬಹುಮಟ್ಟಿಗೆ 37 ವಾರಗಳ ಆಸುಪಾಸಿನಲ್ಲಿ, ತ್ರಿವಳಿಗಳು ಇನ್ನೂ ಮೊದಲೇ ಹುಟ್ಟುತ್ತವೆ. ಆದುದರಿಂದ ಅನೇಕ ಶಿಶುಗಳ ತೂಕ 2500 ಗ್ರಾಂಗಿಂತ ಕಡಮೆಯಿರುತ್ತದೆ. ತಾಯಿಗೆ ರಕ್ತಹೀನತೆ, ರಕ್ತದ ಒತ್ತಡ, ಹೆರಿಗೆಯ ಬಳಿಕ ರಕ್ತಸ್ರಾವ ಇವುಗಳ ಅಪಾಯವೂ ಹೆಚ್ಚು. ಮೊದಲ ತಿಂಗಳುಗಳಲ್ಲಿಯೇ ಸ್ಕ್ಯಾನಿಂಗ್ ಮಾಡಿಸಿದರೆ ಅವಳಿಗಳಿರುವುದು ತಿಳಿಯುತ್ತದೆ. ಸಜ್ಜಾದ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗುವಂತೆ ಏರ್ಪಾಡು ಮಾಡಲು ಕಾಲಾವಕಾಶ ಸಿಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ.

ಹುಟ್ಟಿದ ಮೇಲೂ ನೆರವು ಬೇಕು. ಕಡಮೆ ತೂಕದ ಕೂಸನ್ನು ಬರಿಯ ಎದೆಗೆ ಒರಗಿಸಿ ಬೆಚ್ಚಗಿಡುವ ಕಾಂಗರೂ ಆರೈಕೆಯು 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಆರಂಭವಾಯಿತು. ಇದಕ್ಕೆ ಬೆಲೆಬಾಳುವ ಯಂತ್ರ ಬೇಕಿಲ್ಲ. ತಾಯಿ ಒಂದು ಕೂಸನ್ನು ಎತ್ತಿಕೊಂಡಿರುವಾಗ ಇನ್ನೊಂದನ್ನು ತಂದೆಯೋ ಅಜ್ಜಿಯೋ ಎದೆಗೊರಗಿಸಿಕೊಳ್ಳಬಹುದು. ಆಶಾ ಕಾರ್ಯಕರ್ತೆಯು ಮನೆಗೆ ಬಂದು ಶಿಶುಗಳನ್ನು ನೋಡುತ್ತಾಳೆ. ತೂಕ ಏರದ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಅನುಭವಿಯಾದ ಕುರಿಗಾರನು ಜೋಡಿ ಮರಿಗಳಲ್ಲಿ ಬಡಕಲು ಮರಿಯನ್ನು ಮರೆಯುವುದಿಲ್ಲ; ತಾಯಿಯ ಹಾಲು ಸಾಲದಿದ್ದರೆ ಬೇರೆ ಹಾಲನ್ನು ಕುಡಿಸುತ್ತಾನೆ. ನಮ್ಮ ನೆರೆಮನೆಯಲ್ಲಿ ಅವಳಿಗಳು ಹುಟ್ಟಿದಾಗ, ನೋಡಿ ಬೆರಗಾಗಿ ಹಿಂದಿರುಗುವ ಬದಲು ಒಂದು ಕೂಸನ್ನು ಎತ್ತಿಕೊಂಡು ಆ ತಾಯಿಗೆ ಒಂದು ಗಳಿಗೆ ನಿದ್ದೆ ದೊರಕಿಸಿದರೆ, ಅದು ನಾವು ಮಾಡಬಹುದಾದ ದೊಡ್ಡ ಉಪಕಾರ.