ಕಡಲಲ್ಲಿ ಒಬ್ಬರೇ, ಇಪ್ಪತ್ತು ನಿಮಿಷದ ನಿದ್ದೆ

2011ರ ಅಕ್ಟೋಬರ್ 29ರ ರಾತ್ರಿ. ಫ್ರಾನ್ಸಿನ ಹೆಸರಾಂತ ನಾವಿಕೆ ಫ್ಲಾರೆನ್ಸ್ ಆರ್ಥೋ ಕಾರ್ಸಿಕಾ ದ್ವೀಪದ ಉತ್ತರ ತುದಿಯ ಹತ್ತಿರ ಹಾಯಿದೋಣಿಯಲ್ಲಿ ಒಬ್ಬರೇ ಹೋಗುತ್ತಿದ್ದರು. ಮೂತ್ರಕ್ಕೆಂದು ದೋಣಿಯ ಅಂಚಿಗೆ ಬಂದಾಗ ಆಯ ತಪ್ಪಿ ನೀರಿಗೆ ಬಿದ್ದರು. ದೋಣಿಗೇನು ಗೊತ್ತು? ಅದು ತನ್ನ ಪಾಡಿಗೆ ಮುಂದೆ ಸಾಗಿತು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಹಣೆಗೆ ಕಟ್ಟಿಕೊಂಡ ಟಾರ್ಚ್ ಇತ್ತು, ನೀರಿಗೆ ಹಾಳಾಗದ ಮೊಬೈಲ್ ಇತ್ತು, ಪುಣ್ಯಕ್ಕೆ ಸಿಗ್ನಲ್ಲೂ ಇತ್ತು. ಅಲೆಗಳ ನಡುವಿನಿಂದಲೇ ತಾಯಿಗೆ ಫೋನ್ ಮಾಡಿದರು. ಮನೆಯವರು ರಕ್ಷಣಾ ಸಿಬ್ಬಂದಿಗೆ ಸುದ್ದಿ ಮುಟ್ಟಿಸಿದರು. ಹೆಲಿಕಾಪ್ಟರ್ ಹುಡುಕಿ ಬಂದು ಮೇಲೆತ್ತುವಷ್ಟರಲ್ಲಿ ಮೈ ತಣ್ಣಗಾಗಿ ಹೋಗಿತ್ತು, ಜೀವ ಉಳಿದಿತ್ತು.

ಆರ್ಥೋ ಹೊಸಬರೇನಲ್ಲ. ಒಬ್ಬೊಬ್ಬರೇ ಅಟ್ಲಾಂಟಿಕ್ ದಾಟುವ ‘ರೂಟ್ ದು ರಮ್’ ಸ್ಪರ್ಧೆಯನ್ನು 1990ರಲ್ಲಿ ಗೆದ್ದ ಮೊದಲ ಮಹಿಳೆ. ಅಂಥವರನ್ನು ಬೀಳಿಸಲು ಬಿರುಗಾಳಿಯೇನೂ ಬೇಕಾಗಲಿಲ್ಲ.

ಒಂಟಿ ಕಡಲಯಾನವೆಂದರೆ ಪತ್ರಿಕೆಗಳಿಗೆ ಬಿರುಗಾಳಿ ಬೇಕು, ಮನೆಯೆತ್ತರದ ಅಲೆ ಬೇಕು. ಸಣ್ಣ ದೋಣಿಯಲ್ಲಿ ಒಂದೇ ಒಂದು ರಾತ್ರಿ ಕಳೆಯಹೊರಟವರ ಚಿಂತೆ ಬೇರೆ. ದೋಣಿಯಿಂದ ಬೀಳದೆ ಇರುವುದು ಒಂದು, ನಿದ್ದೆ ಇನ್ನೊಂದು. ಎರಡರಲ್ಲಿ ನಿದ್ದೆಯೇ ಹೆಚ್ಚು ಕಾಡುವಂಥದ್ದು.

ಇಂಗ್ಲಿಷ್ ಕಡಲ್ಗಾಲುವೆಯನ್ನೇ ನೋಡಿ. ಇಂಗ್ಲೆಂಡಿನ ದಕ್ಷಿಣ ತೀರದಿಂದ ಫ್ರಾನ್ಸಿನ ಶೆರ್ಬುರ್ಗ್ ಬಂದರಿಗೆ ಸುಮಾರು 110 ಕಿ.ಮೀ. ಏಳೆಂಟು ಮೀಟರ್ ಉದ್ದದ ಹಾಯಿದೋಣಿ ಒಳ್ಳೆಯ ಗಾಳಿಯಲ್ಲೂ ಗಂಟೆಗೆ ಎಂಟೊಂಬತ್ತು ಕಿ.ಮೀ. ಹೋದರೆ ಹೆಚ್ಚು. ಹನ್ನೆರಡು ಗಂಟೆಗೆ ಕಡಿಮೆಯಿಲ್ಲದ ದಾರಿ. ಅದಕ್ಕೇ ಸಂಜೆ ಹೊರಟು ಬೆಳಿಗ್ಗೆ ತಲುಪುವ ಲೆಕ್ಕ ಹಾಕುವವರು ಬಹಳ. ನಸುಕಿನಲ್ಲಿ ದೀಪಸ್ತಂಭಗಳ ಮಿನುಗು ಎಣಿಸಿ ಎಲ್ಲಿದ್ದೇವೆಂದು ಗುರುತು ಹಿಡಿಯಬಹುದು, ಬಂದರಿನೊಳಗೆ ಹೋಗುವಾಗ ಬೆಳಕೂ ಹರಿದಿರುತ್ತದೆ. ಆದರೆ ಆ ಕತ್ತಲಿನಲ್ಲಿ ಜಗತ್ತಿನ ಅತಿ ದಟ್ಟ ಹಡಗುದಾರಿಗಳಲ್ಲೊಂದನ್ನು ಅಡ್ಡ ದಾಟಬೇಕು.

ಈಗ ಕಣ್ಣಿನ ಲೆಕ್ಕ. ದೊಡ್ಡ ಹಡಗಿನ ಕಂಬದ ಬಿಳಿ ದೀಪ ಸುಮಾರು 11 ಕಿ.ಮೀ. ದೂರಕ್ಕೆ ಕಾಣಬೇಕೆಂಬ ನಿಯಮವಿದೆ. ಹಡಗು ಗಂಟೆಗೆ 30 ಕಿ.ಮೀ. ವೇಗದಲ್ಲಿ ಎದುರಿನಿಂದ ಬರುತ್ತಿದ್ದರೆ, ದೋಣಿಯ ವೇಗವೂ ಸೇರಿ, ದೀಪ ಕಂಡ ಹದಿನೇಳು ನಿಮಿಷಕ್ಕೆ ಅದು ತಲೆಯ ಮೇಲೇ ಬಂದಿರುತ್ತದೆ. ಒಂಟಿ ನಾವಿಕರು ಅಡುಗೆಮನೆಯ ಟೈಮರನ್ನು ಕಿವಿಯ ಪಕ್ಕ ಇಟ್ಟುಕೊಂಡು ಹದಿನೈದು, ಇಪ್ಪತ್ತು ನಿಮಿಷದ ತುಂಡುನಿದ್ದೆ ಮಾಡುವುದು ಹೆಚ್ಚುಕಡಿಮೆ ಈ ಲೆಕ್ಕದಿಂದಲೇ. ಟೈಮರ್ ಬಡಿದುಕೊಂಡ ಕೂಡಲೇ ಎದ್ದು ಸುತ್ತ ಒಮ್ಮೆ ನೋಡಬೇಕು. ಬಿಳಿ ದೀಪದ ಕೆಳಗೆ ಕೆಂಪು ಮಾತ್ರ ಕಂಡರೆ ಹಡಗಿನ ಎಡ ಮಗ್ಗುಲು, ಹಸಿರು ಮಾತ್ರ ಕಂಡರೆ ಬಲ ಮಗ್ಗುಲು. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡವೋ, ಅದು ನೇರ ನಮ್ಮತ್ತಲೇ ಬರುತ್ತಿದೆ. ಚಹಾ ಆಮೇಲೆ ಕುಡಿಯಬಹುದು.

ಕಡಲಲ್ಲಿ ಒಂಟಿಯಾದ ತಲೆ ಏನೇನೆಲ್ಲ ತೋರಿಸುತ್ತದೆ ಎಂಬುದಕ್ಕೆ ಜೋಶುವಾ ಸ್ಲೋಕಮ್ ಸಾಕ್ಷಿ. 1895ರಿಂದ 1898ರವರೆಗೆ ‘ಸ್ಪ್ರೇ’ ಎಂಬ ದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿದ ಮೊದಲಿಗ. ಅಜೋರ್ಸ್ ದ್ವೀಪಗಳಲ್ಲಿ ಸಿಕ್ಕ ಪ್ಲಮ್ ಹಣ್ಣು, ಬಿಳಿ ಚೀಸ್ ತಿಂದು ಹೊಟ್ಟೆ ಹಿಡಿದುಕೊಂಡು ನೆಲಕ್ಕುರುಳಿದ. ಕಣ್ಣು ಬಿಟ್ಟರೆ ಚುಕ್ಕಾಣಿಯ ಹತ್ತಿರ ಯಾರೋ ಎತ್ತರದ ಮನುಷ್ಯ! ನಾನು ಕೊಲಂಬಸನ ‘ಪಿಂಟಾ’ ಹಡಗಿನ ಚಾಲಕ, ದೋಣಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದನಂತೆ. ಬೆಳಿಗ್ಗೆ ನೋಡಿದರೆ ದೋಣಿ ಹಿಡಿದ ದಿಕ್ಕು ಬಿಡದೆ ಸಾಗಿತ್ತು. ಭೂತದ ಕೆಲಸವಲ್ಲ, ಸ್ಪ್ರೇಯ ರಚನೆ ಹಾಗಿತ್ತು. ಹಾಯಿಗಳನ್ನು ಸರಿಹೊಂದಿಸಿ ಚುಕ್ಕಾಣಿ ಕಟ್ಟಿಟ್ಟರೆ ದಿಕ್ಕು ತಪ್ಪುತ್ತಿರಲಿಲ್ಲ.

ಎಲ್ಲ ದೋಣಿಗೂ ಆ ಗುಣವಿಲ್ಲ. 1960ರಲ್ಲಿ ಮೊದಲ ಒಂಟಿ ಅಟ್ಲಾಂಟಿಕ್ ಸ್ಪರ್ಧೆಗೆ ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್ 25 ಅಡಿಯ ‘ಜೆಸ್ಟರ್’ ದೋಣಿಗೆ ತಾನೇ ರೂಪಿಸಿದ ಗಾಳಿಪಟ್ಟಿ ಜೋಡಿಸಿದ. ದೋಣಿ ದಿಕ್ಕು ತಪ್ಪಿದರೆ ಗಾಳಿ ಪಟ್ಟಿಯನ್ನು ವಾಲಿಸುತ್ತದೆ, ಪಟ್ಟಿ ಚುಕ್ಕಾಣಿಯನ್ನು ತಿರುಗಿಸಿ ಸರಿಪಡಿಸುತ್ತದೆ. ಬ್ಯಾಟರಿ ಬೇಡ, ಊಟ ಬೇಡ, ಆಕಳಿಸುವುದೂ ಇಲ್ಲ. ಇಂದಿಗೂ ವಿದ್ಯುತ್ ಚಾಲಿತ ಆಟೊಪೈಲಟ್‌ಗಿಂತ ಇದನ್ನೇ ನಂಬುವವರಿದ್ದಾರೆ. ದೂರಪ್ರಯಾಣಕ್ಕೆ ಅವರ ಆಯ್ಕೆಯೇ ಸರಿ.

ಹಡಗುಗಳ ಜಾಡು ತಿಳಿಸಲು ಈಗ ಎ.ಐ.ಎಸ್. ಯಂತ್ರವಿದೆ; ಹಡಗು ಹತ್ತಿರ ಬಂದರೆ ಅಲಾರಾಂ ಹೊಡೆಯುತ್ತದೆ. ಅಂತರರಾಷ್ಟ್ರೀಯ ಯಾನದಲ್ಲಿ 300 ಟನ್ ಮೇಲ್ಪಟ್ಟ ಹಡಗುಗಳಿಗೆ ಅದು ಕಡ್ಡಾಯ, ಆದರೆ ಎಲ್ಲ ದೋಣಿಗಳಿಗೂ ಅಲ್ಲ. ಎಷ್ಟೋ ಮೀನುಗಾರಿಕೆ ದೋಣಿಗಳು ಅದರ ಪರದೆಯ ಮೇಲೆ ಮೂಡುವುದೇ ಇಲ್ಲ. ಕಾನೂನಿನ ತೊಡಕು ಬೇರೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಾವಳಿಯ 5ನೇ ನಿಯಮದ ಪ್ರಕಾರ ಪ್ರತಿ ನೌಕೆಯಲ್ಲೂ ಸದಾಕಾಲ ಕಣ್ಣು, ಕಿವಿ ತೆರೆದ ಕಾವಲಿರಬೇಕು. ಒಂಟಿ ನಾವಿಕರಿಗೆ ವಿನಾಯಿತಿಯಿಲ್ಲ. ಅಂದರೆ ಆ ಇಪ್ಪತ್ತು ನಿಮಿಷದ ನಿದ್ದೆಯೂ ನಿಯಮಭಂಗವೇ. ಆದರೂ ಒಂಟಿ ಸ್ಪರ್ಧೆಗಳು ನಡೆಯುತ್ತಲೇ ಇವೆ, ಎಲ್ಲರೂ ಕಂಡೂ ಕಾಣದಂತಿದ್ದಾರೆ.

ಈ ಕಥೆಯಲ್ಲಿ ನಮ್ಮ ಪಾಲೂ ಉಂಟು. 1968–69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್ಸ್ಟನ್ ಅವರ 32 ಅಡಿಯ ‘ಸುಹೈಲಿ’ಯನ್ನು ತೇಗದ ಮರದಲ್ಲಿ ಕಟ್ಟಿದ್ದು ಮುಂಬೈಯಲ್ಲಿ. ಅದೇ ಸಾಧನೆ ಮಾಡಿದ ಮೊದಲ ಭಾರತೀಯ ಅಭಿಲಾಷ್ ಟೋಮಿ 2012ರ ನವೆಂಬರಿನಲ್ಲಿ ಮುಂಬೈಯಿಂದ ಹೊರಟ ದೋಣಿಯ ಹೆಸರು ‘ಮಾದೇಯಿ’. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರೇ ಅದು. ನ್ಯಾಯಮಂಡಳಿ, ಹೋರಾಟಗಳ ಸುದ್ದಿಯಲ್ಲಷ್ಟೇ ನಾವು ಕೇಳುವ ಹೆಸರು ಭೂಮಿ ಸುತ್ತಿ ಬಂದಿದೆ.

ಇಷ್ಟಾಗಿಯೂ ಒಂದು ರಾತ್ರಿ ಒಬ್ಬರೇ ಹೋಗುವ ಆಸೆಯಿದ್ದರೆ, ಮೊದಲು ಅನುಭವಿ ಜೊತೆಗಾರರೊಂದಿಗೆ ಅದೇ ದಾರಿಯಲ್ಲಿ ರಾತ್ರಿ ಹೋಗಿ ಬನ್ನಿ. ಕತ್ತಲಾಗುವ ಮುಂಚೆಯೇ ಹಾಯಿ ಮಡಿಸಿ ಕಿರಿದು ಮಾಡಿ. ಕತ್ತಲಲ್ಲಿ ಆ ಕೆಲಸಕ್ಕೆ ದೋಣಿಯ ಮುಂತುದಿಗೆ ಹೋಗುವುದೇ ಅಪಾಯ. ಲೈಫ್ ಜಾಕೆಟ್ ತೊಟ್ಟು, ಸುರಕ್ಷತಾ ಹಗ್ಗದ ಕೊಂಡಿಯನ್ನು ದೋಣಿಗೆ ಸಿಕ್ಕಿಸಿಕೊಳ್ಳದೆ ಹೊರಗೆ ಕಾಲಿಡಬೇಡಿ, ಮೂತ್ರಕ್ಕೆ ಬಕೆಟ್ ಇಟ್ಟುಕೊಳ್ಳಿ. ಹೊರಡುವ, ತಲುಪುವ ಹೊತ್ತನ್ನು ದಡದಲ್ಲಿರುವ ಒಬ್ಬರಿಗೆ ಹೇಳಿಡಿ. ಭಾರತದ ಕರಾವಳಿಯಲ್ಲಾದರೆ ಕೋಸ್ಟ್ ಗಾರ್ಡ್‌ನ ತುರ್ತು ದೂರವಾಣಿ ಸಂಖ್ಯೆ 1554.