ಮಕ್ಕಳ ಪುಸ್ತಕಗಳ ಆಯ್ಕೆ: ಜನಪದ ಕಥನದ ನೆಲೆಯಿಂದ ಕೆಲವು ಮಾನದಂಡಗಳು

ಮಕ್ಕಳಿಗಾಗಿ ಪ್ರಕಟವಾಗುವ ಕನ್ನಡ ಪುಸ್ತಕಗಳಲ್ಲಿ ಜನಪದ ಕಥೆಗಳ ಮರುನಿರೂಪಣೆಗಳಿಗೆ ಗಣನೀಯ ಸ್ಥಾನವಿದೆ. ಗ್ರಂಥಾಲಯಗಳಿಗೆ ಇಂಥ ಪುಸ್ತಕಗಳನ್ನು ಆಯ್ದುಕೊಳ್ಳುವಾಗ ವಯೋಮಾನ, ಬೆಲೆ, ಚಿತ್ರಗಳು ಹಾಗೂ ಕಥೆಯ ನೀತಿ ಸಾಮಾನ್ಯವಾಗಿ ಪರಿಗಣನೆಗೆ ಬರುತ್ತವೆ. ನಿರೂಪಣೆಯ ಕ್ರಮ ಅಷ್ಟಾಗಿ ಬರುವುದಿಲ್ಲ. ಮೌಖಿಕ ಪರಂಪರೆಯಲ್ಲಾದರೋ ಮಗುವಿನ ಕಲ್ಪನೆಯನ್ನು ಎಚ್ಚರಿಸುತ್ತಿದ್ದುದು ಕಥಾವಸ್ತುವಿಗಿಂತ ಹೆಚ್ಚಾಗಿ ಅದನ್ನು ಹೇಳುವ ರೀತಿ ಮತ್ತು ಹೇಳುವಿಕೆಯಲ್ಲಿ ಕೇಳುಗ ಮಗುವಿಗಿದ್ದ ಪಾಲು. ಈ ಪಾಲು ಮುದ್ರಣದಲ್ಲಿಯೂ ಉಳಿದಿದೆಯೇ ಎಂಬುದು ಪುಸ್ತಕದ ಆಯ್ಕೆಯಲ್ಲಿ ಪ್ರಧಾನ ಮಾನದಂಡವಾಗಬೇಕೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ನಾಡಿನ ಬಹುಭಾಗದಲ್ಲಿ ಪರಿಚಿತವಾದ ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ನೆನೆದ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಂದೊಂದು ಬಾರಿಗೂ ಒಂದೊಂದು ಕಾರಣ ಹೇಳುತ್ತಾಳೆ: ಮಗುವಿಗೆ ನೀರು ಹಾಕುತ್ತಿದ್ದೇನೆ, ಬಟ್ಟೆ ತೊಡಿಸುತ್ತಿದ್ದೇನೆ, ಉಣಿಸುತ್ತಿದ್ದೇನೆ, ಮಲಗಿಸುತ್ತಿದ್ದೇನೆ. ಇದೇ ಕಥೆ ಮರಾಠಿಯಲ್ಲಿಯೂ ಇದ್ದು, ಅಲ್ಲಿ ಗುಬ್ಬಿಯ ಮನೆ ಮೇಣದ್ದು. ಕಥೆಯ ಮುಕ್ತಾಯ ಪಾಠದಿಂದ ಪಾಠಕ್ಕೆ ಬೇರೆಯಾಗುತ್ತದೆ. ಬಾಗಿಲಿನ ಮುಂದಿನ ಈ ಸಂಭಾಷಣೆಯೇ ಕಥೆಯ ಜೀವಾಳ.

ಗುಬ್ಬಕ್ಕ ಹೇಳುವ ಕಾರಣಗಳಿಗೆ ಒಂದು ಅನುಕ್ರಮವಿದೆ. ಅದು ಕೇಳುತ್ತಿರುವ ಮಗುವಿನ ದಿನಚರಿಯದೇ ಅನುಕ್ರಮ. ಆದುದರಿಂದ ಎರಡನೆಯ ಉತ್ತರ ಮುಗಿಯುವಷ್ಟರಲ್ಲಿ ಮಗು ಮೂರನೆಯದನ್ನು ತಾನೇ ಊಹಿಸುತ್ತದೆ; ಕೆಲವೊಮ್ಮೆ ಹೇಳುವವರಿಗಿಂತ ಮೊದಲೇ ಹೇಳಿಬಿಡುತ್ತದೆ. ಜೊತೆಗೆ, ಹೊರಗೆ ಮಳೆಯಲ್ಲಿ ನಿಂತ ಕಾಗಕ್ಕನ ಕಷ್ಟವೂ ಒಳಗಿನ ಬೆಚ್ಚನೆಯ ಮನೆಯೂ ಅದರ ಮನಸ್ಸಿನಲ್ಲಿ ಏಕಕಾಲಕ್ಕೆ ಮೂಡುತ್ತವೆ. ಅನುಕ್ರಮದ ಅರಿವು, ಸ್ಮರಣೆ, ಊಹೆ, ಪರರ ಸ್ಥಿತಿಯನ್ನು ಭಾವಿಸಿಕೊಳ್ಳುವಿಕೆ ಇವೆಲ್ಲವೂ ಬೋಧನೆಯಿಲ್ಲದೆ ನಡೆಯುತ್ತವೆ. ‘ಗುಬ್ಬಿಯು ನಾನಾ ನೆಪಗಳನ್ನು ಹೇಳಿತು’ ಎಂಬ ಒಂದೇ ವಾಕ್ಯದಲ್ಲಿ ಈ ಭಾಗವನ್ನು ಮುಗಿಸಿದ ಪುಸ್ತಕದಲ್ಲಿ ಕಥಾಸಾರಾಂಶ ಉಳಿಯುತ್ತದೆ, ಮಗುವಿನ ಕೆಲಸ ಅಳಿಯುತ್ತದೆ.

ಆದ್ದರಿಂದ ಮೊದಲನೆಯ ಮಾನದಂಡ ಪುನರಾವರ್ತನೆ. ಪ್ರೌಢ ಓದುಗರಿಗೆ ಅನವಶ್ಯಕವೆನಿಸುವ ಪುನರುಕ್ತಿಯು ಜನಪದ ಕಥನದಲ್ಲಿ ರಚನಾತತ್ತ್ವವೇ ಆಗಿದೆ. ಆರ್ನೆ, ಥಾಂಪ್ಸನ್ ಮತ್ತು ಊಥರ್ ಅವರ ಅಂತಾರಾಷ್ಟ್ರೀಯ ಕಥಾವರ್ಗ ಸೂಚಿಯಲ್ಲಿ (2004) ಸರಪಳಿ ಕಥೆಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಹೊಸದಾಗಿ ಅಕ್ಷರ ಕಲಿಯುತ್ತಿರುವ ಮಗುವಿಗೆ ಮರಳಿ ಮರಳಿ ಬರುವ ವಾಕ್ಯ ಊರುಗೋಲಿನಂತೆ. ಮೊದಲ ಸಲ ತಡವರಿಸಿ ಓದಿದ್ದನ್ನು ಅದು ಮೂರನೆಯ ಸಲ ನಿರಾಯಾಸವಾಗಿ ಓದುತ್ತದೆ.

ಎರಡನೆಯದು ಹೂಂಗುಟ್ಟಲು ಇರುವ ಅವಕಾಶ. ನಮ್ಮ ಹಳ್ಳಿಗಳಲ್ಲಿ ಕಥೆ ಕೇಳುವವರು ‘ಹೂಂ’ ಎನ್ನುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಮುದ್ರಿತ ಪುಸ್ತಕಕ್ಕೆ ಕಿವಿಯಿಲ್ಲವಾದರೂ ಅದು ಪ್ರಶ್ನೆಯೊಂದನ್ನು ಪುಟದ ಕೊನೆಯಲ್ಲಿ ನಿಲ್ಲಿಸಿ, ಉತ್ತರವನ್ನು ಮಗ್ಗುಲು ತಿರುವಿದ ಮೇಲೆ ಕೊಡಬಲ್ಲದು. ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪಠ್ಯ ಹೇಳಿದ್ದನ್ನೇ ಮತ್ತೊಮ್ಮೆ ತೋರಿಸುವ ಚಿತ್ರಕ್ಕಿಂತ, ಪಠ್ಯ ಹೇಳದೆ ಬಿಟ್ಟದ್ದನ್ನು ಸೂಚಿಸುವ ಚಿತ್ರ ಹೆಚ್ಚು ಫಲಕಾರಿ.

ಮೂರನೆಯದು ಕಥೆಯ ಮುಕ್ತಾಯ. ಗುಬ್ಬಕ್ಕ ಮಾಡಿದ್ದು ಸರಿಯೇ ಎಂಬುದು ಮಗು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಕೊನೆಯಲ್ಲಿ ಚೌಕಟ್ಟು ಕಟ್ಟಿ ನೀತಿಯನ್ನು ಅಚ್ಚುಹಾಕಿದರೆ ಆ ಪ್ರಶ್ನೆ ಹುಟ್ಟುವ ಮೊದಲೇ ಮುಚ್ಚಿಹೋಗುತ್ತದೆ. ಪಂಚತಂತ್ರದಂಥ ಪರಂಪರೆಗೆ ನೀತಿ ಸಹಜವಾದ ಅಂಗ. ಎಲ್ಲ ಜನಪದ ಕಥೆಗಳಿಗೂ ಅದೇ ಅಚ್ಚನ್ನು ಒತ್ತುವುದು ಸಾಧುವಲ್ಲ. ಹಿರಿಯರ ಅಭಿರುಚಿಗೆ ತಕ್ಕಂತೆ ಕಥೆಗಳನ್ನು ತಿದ್ದುವ ಪ್ರವೃತ್ತಿ ಹೊಸದೇನಲ್ಲ. ಗ್ರಿಮ್ ಸಹೋದರರ ಸಂಗ್ರಹದ 1812ರ ಆವೃತ್ತಿಯಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲರನ್ನು ಕಾಡಿಗೆ ಬಿಡಿಸುವವಳು ಹೆತ್ತ ತಾಯಿ. 1840ರ ಆವೃತ್ತಿಯ ವೇಳೆಗೆ ಅವಳು ಮಲತಾಯಿಯಾಗಿದ್ದಾಳೆ. ಕೈಯಲ್ಲಿರುವುದು ಕಥೆಯ ಯಾವ ಪಾಠ ಎಂಬ ಎಚ್ಚರ ಆಯ್ಕೆ ಮಾಡುವವರಿಗೆ ಅಗತ್ಯವೆಂಬುದನ್ನು ಇದು ತೋರಿಸುತ್ತದೆ.

ನಾಲ್ಕನೆಯದು ಭಾಷೆ. ಕುಂದಾಪುರದ ಕಡೆಯ ‘ಮಾಣಿ’, ಮೈಸೂರು ಸೀಮೆಯ ಹಳ್ಳಿಗಳ ‘ಹೈದ’ ಎಂಬ ಪದಗಳು ಪುಸ್ತಕದಲ್ಲಿ ಒಂದೇ ಸಮನೆ ‘ಬಾಲಕ’ನಾದರೆ, ತನ್ನ ಮನೆಮಾತು ಓದಿಗೆ ಯೋಗ್ಯವಲ್ಲವೆಂಬ ಭಾವ ಮಗುವಿನಲ್ಲಿ ಮೊಳೆಯಬಹುದು. ನಿರೂಪಣೆ ಶಿಷ್ಟಗನ್ನಡದಲ್ಲಿದ್ದರೂ ಸಂಭಾಷಣೆಯಲ್ಲಾದರೂ ಪ್ರಾದೇಶಿಕ ನುಡಿಯನ್ನು ಉಳಿಸಿಕೊಂಡ ಪುಸ್ತಕಗಳಿಗೆ ಆದ್ಯತೆ ಸಲ್ಲಬೇಕು.

ಈ ಮಾನದಂಡಗಳನ್ನು ‘ಇದ್ದುದನ್ನು ಇದ್ದಂತೆ ಅಚ್ಚುಮಾಡಬೇಕು’ ಎಂಬ ವಾದವೆಂದು ಭಾವಿಸಬೇಕಾಗಿಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯವು ರಾಬರ್ಟ್ ಬ್ರೌನಿಂಗನ 1842ರ ಕವಿತೆಯ ಮೂಲಕ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಯಿತು. ಊರು ಬದಲಾಯಿತು, ಕೊಳಲೂದುವವನ ಸ್ಥಾನಕ್ಕೆ ನಮ್ಮ ನಾಡಿನ ಜೋಗಿ ಬಂದನು. ಬಗೆಬಗೆಯ ಇಲಿಗಳ ಎಣಿಕೆಯಂತೂ ಜನಪದ ಕಥನದ ಪುನರಾವರ್ತನೆಯ ಸೊಗಸನ್ನು ಪಡೆದುಕೊಂಡಿತು. ರೂಪಾಂತರವು ಮಗುವಿಗೆ ಪಾಲು ಕೊಡುತ್ತದೆಯೇ ಎಂಬುದೇ ಇಲ್ಲಿಯೂ ಮುಖ್ಯ.

ಕೊನೆಯದಾಗಿ ಆಕರದ ಉಲ್ಲೇಖ. ಎ.ಕೆ. ರಾಮಾನುಜನ್ ಅವರು 22 ಭಾಷೆಗಳಿಂದ ಆಯ್ದು 1991ರಲ್ಲಿ ಪ್ರಕಟಿಸಿದ ‘ಫೋಕ್‌ಟೇಲ್ಸ್ ಫ್ರಂ ಇಂಡಿಯಾ’ ಸಂಕಲನದಲ್ಲಿ ಪ್ರತಿ ಕಥೆ ಯಾವ ಭಾಷೆಯದೆಂಬುದನ್ನು ಕಾಣಿಸಿದ್ದಾರೆ. ಮಕ್ಕಳ ಪುಸ್ತಕದಲ್ಲಿಯೂ ಕಥೆ ಯಾವ ಸೀಮೆಯದು, ಹೇಳಿದವರು ಯಾರು ಎಂಬ ಒಂದೆರಡು ಸಾಲುಗಳಿದ್ದರೆ ಸಾಕು. ಕಥೆ ಎಂಬುದು ಬದುಕಿರುವ ಜನರಿಂದ ಬರುವಂಥದು ಎಂದು ಮಗುವಿಗೆ ತಿಳಿಯುತ್ತದೆ.

ಇವೆಲ್ಲವನ್ನೂ ಪರೀಕ್ಷಿಸಲು ಸರಳವಾದ ದಾರಿಯೊಂದಿದೆ. ಖರೀದಿಗೆ ಮುನ್ನ ಪುಸ್ತಕವನ್ನು ನಾಲ್ಕಾರು ಮಕ್ಕಳ ಮುಂದೆ ಗಟ್ಟಿಯಾಗಿ ಓದಬೇಕು. ಮೂರನೆಯ ಆವೃತ್ತಿಯ ಬಳಿ ತಡೆದು ನಿಲ್ಲಬೇಕು. ಮಕ್ಕಳು ಮುಂದಿನದನ್ನು ತಾವೇ ಹೇಳಿದರೆ ಆ ಪುಸ್ತಕ ಕಪಾಟಿಗೆ ಬರಲು ಅರ್ಹ. ಮನೆಯಲ್ಲಿ ಕಥೆ ಹೇಳುವವರಿಲ್ಲದ ಮಗುವಿಗೆ ಗ್ರಂಥಾಲಯದ ಪ್ರತಿಯೇ ಆ ಕಥೆಯ ಏಕೈಕ ಪಾಠವಾಗುವ ಸಂಭವವಿರುವುದರಿಂದ ಈ ಪರೀಕ್ಷೆಗೆ ಮಹತ್ತ್ವವಿದೆ.

ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡದ ಕಥೆಯೊಂದರಲ್ಲಿ ಒಬ್ಬಳಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿರುತ್ತವೆ. ಅವಳು ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ನಿದ್ರಿಸುತ್ತಿರುವಾಗ ಹೊರಬಿದ್ದು, ಕಥೆ ಪಾದರಕ್ಷೆಗಳಾಗಿಯೂ ಹಾಡು ಅಂಗಿಯಾಗಿಯೂ ಮಾರ್ಪಡುತ್ತವೆ. ಗಂಡನಿಗೆ ಸಂಶಯ ಹುಟ್ಟಿ ಜಗಳವಾಗುತ್ತದೆ. ಕೊನೆಗೆ ನಿಜ ತಿಳಿದ ಅವನು ಆ ಕಥೆ, ಆ ಹಾಡು ಯಾವುದೆಂದು ಕೇಳಿದಾಗ ಅವಳಿಗೆ ಅವು ನೆನಪಿನಲ್ಲಿಯೇ ಇರುವುದಿಲ್ಲ. ಕಥೆಯನ್ನು ಕಪಾಟಿನಲ್ಲಿ ಇಟ್ಟ ಮಾತ್ರಕ್ಕೆ ಅದು ಉಳಿದಂತಾಗದು. ಮಗುವಿನ ಬಾಯಲ್ಲಿ ಮತ್ತೆ ಹುಟ್ಟುವಂತಹ ಪುಸ್ತಕವನ್ನು ಗುರುತಿಸಿ ಕೊಡುವುದು ಗ್ರಂಥಪಾಲಕರೂ ಜಾನಪದ ವಿದ್ವಾಂಸರೂ ಕೂಡಿ ನಿರ್ವಹಿಸಬೇಕಾದ ಹೊಣೆ.