ಅರ್ಧಕ್ಕೆ ನಿಂತ ಮೇಲ್ಸೇತುವೆಯ ಮೇಲೊಂದು ಸಂತೆ

ಬೀದಿಬದಿ ವ್ಯಾಪಾರಿಗಳಿಗೆಂದು ನಗರದವರು ಏನಾದರೂ ಕಟ್ಟಲು ಹೊರಟರೆ ಮೊದಲು ಹೊಳೆಯುವುದು ಒಂದೇ ಅಳತೆಯ ಪೆಟ್ಟಿಗೆ ಅಂಗಡಿಗಳ ಸಾಲು. ಸೊಪ್ಪು ಮಾರುವವಳಿಗೂ ಅದೇ, ಚಪ್ಪಲಿ ಹೊಲಿಯುವವನಿಗೂ ಅದೇ. ಕೆಲವು ದಿನಗಳಲ್ಲೇ ಪೆಟ್ಟಿಗೆ ಗೋದಾಮಾಗುತ್ತದೆ, ವ್ಯಾಪಾರ ಮತ್ತೆ ಫುಟ್‌ಪಾತಿಗೆ ಬರುತ್ತದೆ. ದಕ್ಷಿಣ ಆಫ್ರಿಕಾದ ಡರ್ಬನ್ ನಗರ ಬೇರೆ ದಾರಿ ಹಿಡಿಯಿತು.

ಅಲ್ಲಿನ ವಾರ್ವಿಕ್ ಜಂಕ್ಷನ್ ರೈಲು, ಬಸ್ಸು, ಮಿನಿಬಸ್ ಟ್ಯಾಕ್ಸಿಗಳು ಕೂಡುವ ಜಾಗ. ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹಾದುಹೋಗುತ್ತಾರೆ. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದ ಭಾರತೀಯರು ಆಮೇಲೆ ತರಕಾರಿ ಬೆಳೆದು ಮಾರತೊಡಗಿದರು. ಅವರಿಗೆ ಆಸರೆಯಾದ, 1910ರಲ್ಲಿ ಶುರುವಾದ ಮುಂಜಾನೆ ಮಾರುಕಟ್ಟೆ ಇಲ್ಲೇ ಇದೆ. ವರ್ಣಭೇದದ ಕಾಲದಲ್ಲಿ ಕಪ್ಪುಜನ ಬೀದಿಯಲ್ಲಿ ಕೂತು ಮಾರಿದರೆ ಪೊಲೀಸರು ಎಬ್ಬಿಸಿ ಓಡಿಸುತ್ತಿದ್ದರು. ಆ ಆಡಳಿತ ಹೋದ ಮೇಲೆ, 1990ರ ದಶಕದ ನಡುವಿನಲ್ಲಿ, ಪಾಲಿಕೆ ಇಡೀ ಪ್ರದೇಶವನ್ನು ಸರಿಪಡಿಸಲು ಹೊರಟಿತು. ಹಲವು ಇಲಾಖೆಗಳವರು ಒಟ್ಟಿಗೆ ಕೂತರು. ವ್ಯಾಪಾರಿಗಳನ್ನೂ ಮಾತಿಗೆ ಕರೆದರು.

ಗಿಡಮೂಲಿಕೆ ಮಾರುವವರ ಕಥೆ ಕೇಳಿ. ಬೇರು, ತೊಗಟೆ, ಗೆಡ್ಡೆಗಳನ್ನು ಮೂಟೆಗಟ್ಟಲೆ ತಂದು ಫುಟ್‌ಪಾತಿನಲ್ಲಿ ಹರಡಿಕೊಂಡು, ರಾತ್ರಿ ಸರಕಿನ ಪಕ್ಕದಲ್ಲೇ ಮಲಗುತ್ತಿದ್ದರು. ಅಲ್ಲೇ ಮೇಲ್ಸೇತುವೆಯೊಂದು ಅರ್ಧಕ್ಕೆ ನಿಂತು ಪಾಳುಬಿದ್ದಿತ್ತು. ಅದರ ಮೇಲೆ ಸೂರು ಹಾಕಿ, ಮಳಿಗೆ ಕಟ್ಟಿ, ಜನ ನಡೆದು ಬರಲು ಪಕ್ಕದಿಂದ ಕಾಲುಸೇತುವೆ ಜೋಡಿಸಿದರು. ಎಂಜಿನಿಯರುಗಳು ಮರೆತುಬಿಟ್ಟ ಕಾಂಕ್ರೀಟು ಹೀಗೆ ನಾಟಿ ಔಷಧಿಯ ಸಂತೆಯಾಯಿತು. ಜನರ ಓಡಾಟದ ದಾರಿಯಲ್ಲೇ ಜಾಗ ಕೊಟ್ಟದ್ದು ಇಲ್ಲಿನ ಜಾಣತನ. ಊರಾಚೆ ಎಷ್ಟು ಚಂದದ ಕಟ್ಟಡ ಕೊಟ್ಟರೂ ಗಿರಾಕಿ ಅಲ್ಲಿಗೆ ಹೋಗುವುದಿಲ್ಲ. ನಮ್ಮ ಅಧಿಕಾರಿಗಳಿಗೆ ಇದೊಂದು ಯಾಕೋ ತಲೆಗೆ ಹತ್ತುವುದೇ ಇಲ್ಲ.

ಇನ್ನು ದೊಡ್ಡ ಡ್ರಮ್ಮುಗಳಲ್ಲಿ ಮುಸುಕಿನ ಜೋಳ ಬೇಯಿಸಿ ಮಾರುವ ಹೆಂಗಸರು. ಬಯಲಲ್ಲಿ ಬೆಂಕಿ ಹಾಕುವುದು ನಿಯಮಕ್ಕೆ ವಿರುದ್ಧ. ಓಡಿಸಿದರೆ ಅವರು ಇನ್ನೊಂದು ಮೂಲೆಯಲ್ಲಿ ಒಲೆ ಹೂಡುತ್ತಾರೆ, ಅಪಾಯ ಹಾಗೇ ಉಳಿಯುತ್ತದೆ. ಆದ್ದರಿಂದ ಬೇಯಿಸುವುದಕ್ಕೇ ಬೇರೆ ಜಾಗ ಗೊತ್ತುಮಾಡಿದರು. ದನದ ತಲೆಯ ಮಾಂಸ ಬೇಯಿಸಿ ಬಡಿಸುವವರ ತೊಂದರೆ ಬೆಂಕಿಗಿಂತ ನೀರಿನದು: ಜಿಡ್ಡುನೀರು ಮಳೆನೀರಿನ ಚರಂಡಿಗೆ ಸೇರಿ ಕಟ್ಟಿಕೊಳ್ಳುತ್ತಿತ್ತು. ಅವರಿಗೆ ಬೇಕಾದದ್ದು ನಲ್ಲಿ, ಬಚ್ಚಲು, ತೊಳೆಯಲು ಬರುವ ನೆಲ. ಇವರಿಬ್ಬರಿಗೂ ಒಂದೇ ಪೆಟ್ಟಿಗೆ ಅಂಗಡಿ ಕೊಟ್ಟಿದ್ದರೆ?

ರಾತ್ರಿ ಸರಕು ಇಡುವ ಕೋಣೆ, ಶೌಚಾಲಯ, ನೆರಳು: ನಕ್ಷೆಯಲ್ಲಿ ಸಣ್ಣವು, ದುಡಿಮೆಗೆ ದೊಡ್ಡವು.

ಪಾಲಿಕೆ ಮಾತ್ರ ಎಂದೆಂದೂ ಹಾಗೇ ಇರಲಿಲ್ಲ. 2010ರ ಫುಟ್‌ಬಾಲ್ ವಿಶ್ವಕಪ್ ಹತ್ತಿರವಾದಂತೆ ಮುಂಜಾನೆ ಮಾರುಕಟ್ಟೆಯ ಜಾಗದಲ್ಲಿ ಮಾಲ್ ಕಟ್ಟುವ ಯೋಜನೆ ತಂದಿತು. ವ್ಯಾಪಾರಿಗಳು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಕೊನೆಗೆ ಮಾಲ್ ಏಳಲಿಲ್ಲ. ಹಿಂದೆ ಪಾಲಿಕೆಯ ಯೋಜನೆಯಲ್ಲಿ ದುಡಿದಿದ್ದ ರಿಚರ್ಡ್ ಡಾಬ್ಸನ್ ಮತ್ತು ಪ್ಯಾಟ್ರಿಕ್ ನ್‌ಡ್ಲೋವು 2008ರಲ್ಲಿ ಕಟ್ಟಿದ ‘ಅಸಿಯೆ ಎತಾಫುಲೇನಿ’ ಸಂಸ್ಥೆ ಈಗಲೂ ವ್ಯಾಪಾರಿಗಳ ಜೊತೆ ಕೂತು ಗಾಡಿ, ಮೇಜು, ಒಲೆಗಳನ್ನು ರೂಪಿಸುತ್ತದೆ.

ಭಾರತದ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳಿಗೆ ಕನಿಷ್ಠ 40% ಸ್ಥಾನ ಇಟ್ಟಿದೆ. ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರದು. ಎಲ್ಲಿ ನಲ್ಲಿ ಬೇಕು, ಎಲ್ಲಿ ಸೂರು ಬೇಕು ಎಂದು ಗೆರೆ ಎಳೆಯುವ ಹೊತ್ತಿಗೇ ಅವರನ್ನು ಕರೆದು ಕೇಳಲು ಯಾವ ಹೊಸ ಕಾನೂನೂ ಬೇಕಾಗಿಲ್ಲ.